ಟೀಮಲ್ಲಿ ಇಡಬೇಕೋ, ತೆಗೀಬೇಕೋ? – ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಾಲ್ವಣಕರ್ ಬಾಳೂ



ಕ್ರಿಕೆಟ್ ಆಡುವ ಪ್ರತಿಯೊಂದು ಟೀಮಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಒಬ್ಬ ಬೌಲರ್ ಇರ್ತಾನೆ. ಒಂದು ಮ್ಯಾಚಿನಲ್ಲಿ ನಾಲ್ಕು ವಿಕೆಟ್ ಕಿತ್ತು ಗೆಲ್ಲಿಸ್ತಾನೆ. ಮುಂದಿನ ಮ್ಯಾಚಿನಲ್ಲಿ ವೈಡ್ ಮೇಲೆ ವೈಡ್ ಹಾಕಿ ಎಲ್ಲರ ಕೈಲಿ ಬೈಸಿಕೊಳ್ತಾನೆ. ಇಂಥವನನ್ನು ಟೀಮಲ್ಲಿ ಇಟ್ಟುಕೊಳ್ಳಬೇಕೋ, ತೆಗೆದುಬಿಡಬೇಕೋ? ಕೆಂಗೇರಿಯ ಬಯಲಲ್ಲಿ ಟೆನ್ನಿಸ್ ಬಾಲಿನಲ್ಲಿ ಆಡುವ ಹುಡುಗರಿಗೂ ಇದೇ ಪ್ರಶ್ನೆ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಆಡುವ ದೊಡ್ಡವರಿಗೂ ಇದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವವರು ಒಬ್ಬ ಹಳೆಯ ಬೌಲರನ ಜೀವನ ತಿಳಿದುಕೊಳ್ಳಲೇಬೇಕು. ಅವರನ್ನು ಟೀಮಿಗೆ ಸೇರಿಸಬೇಕೋ ಬೇಡವೋ, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ದೊಡ್ಡ ದೊಡ್ಡವರು ವರ್ಷಗಟ್ಟಲೆ ಚರ್ಚೆ ಮಾಡಿದರು. ಅವರ ಹೆಸರು ಪಾಲ್ವಣಕರ್ ಬಾಳೂ. ಭಾರತದ ಮೊಟ್ಟಮೊದಲ ದೊಡ್ಡ ಬೌಲರ್ ಅಂತ ಅವರನ್ನು ಕರೆಯುತ್ತಾರೆ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಅನ್ನುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹುಟ್ಟು ಮತ್ತು ಬಾಲ್ಯ

ಬಾಳೂ ಅವರು 1876ರ ಮಾರ್ಚ್ 19ರಂದು ಧಾರವಾಡದಲ್ಲಿ ಜನಿಸಿದರು. ಆಗಿನ್ನೂ ಕರ್ನಾಟಕ ಒಂದಾಗಿರಲಿಲ್ಲ. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಕೆಂಗೇರಿ ಮೈಸೂರು ಸೀಮೆಯಲ್ಲಿತ್ತು. ಅವರ ಮನೆತನದ ಮೂಲ ಕೊಂಕಣ. ಪಾಲ್ವಣಕರ್ ಎಂಬ ಹೆಸರು ಅಲ್ಲಿನ ಅವರ ಊರಿನಿಂದ ಬಂದದ್ದು. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಬಾಳೂ ಬೆಳೆದದ್ದು ಪುಣೆಯಲ್ಲಿ. ಶಿವರಾಮ್, ವಿಠ್ಠಲ್, ಗಣಪತ್ ಅವರ ತಮ್ಮಂದಿರು. ಎಲ್ಲರೂ ಕ್ರಿಕೆಟ್ ಆಟಗಾರರೇ ಆದರು.

ಅವರದು ಚರ್ಮದ ಕೆಲಸ ಮಾಡುವ ಸಮುದಾಯ. ಆ ಕಾಲದ ಸಮಾಜ ಅವರನ್ನು ಮುಟ್ಟಬಾರದವರು ಅಂತ ದೂರ ಇಟ್ಟಿತ್ತು. ಊರ ಬಾವಿಯ ನೀರು ಸೇದುವಂತಿರಲಿಲ್ಲ, ದೇವಸ್ಥಾನದ ಒಳಗೆ ಹೋಗುವಂತಿರಲಿಲ್ಲ, ಜೊತೆಯಲ್ಲಿ ಕೂತು ಊಟ ಮಾಡುವಂತಿರಲಿಲ್ಲ. ನಾವು ಸಮಾಜ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುವ ಈ ಮಾತನ್ನು ಅವರು ದಿನಾ ಅನುಭವಿಸಬೇಕಿತ್ತು.

ಪುಣೆಯಲ್ಲಿ ಸೈನ್ಯದ ಬಿಳಿಯ ಅಧಿಕಾರಿಗಳು ಕ್ರಿಕೆಟ್ ಆಡುತ್ತಿದ್ದರು. ಅವರು ಆಡಿ ಬಿಸಾಡಿದ ಬ್ಯಾಟು, ಬಾಲುಗಳೇ ಬಾಳೂ ಮತ್ತು ಶಿವರಾಮ್ ಅವರಿಗೆ ಸಿಕ್ಕ ಆಟದ ಸಾಮಾನು. ಅದರಲ್ಲೇ ಅಣ್ಣ ತಮ್ಮ ಆಟ ಕಲಿತರು.

ತಿಂಗಳಿಗೆ ಮೂರು ರೂಪಾಯಿ

ಬಾಳೂ ಅವರಿಗೆ ಸಿಕ್ಕ ಮೊದಲ ಕೆಲಸ ಒಂದು ಪಾರ್ಸಿ ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ. ಪಿಚ್ಚು ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. ಯಾವಾಗಲಾದರೂ ಒಮ್ಮೆ ಸದಸ್ಯರಿಗೆ ಬೌಲಿಂಗ್ ಮಾಡುವ ಅವಕಾಶ ಸಿಗುತ್ತಿತ್ತು. 1892ರ ಸುಮಾರಿಗೆ ಅವರು ಬಿಳಿಯರ ಪೂನಾ ಕ್ಲಬ್ಬಿಗೆ ಬಂದರು. ಅಲ್ಲಿ ನಾಲ್ಕು ರೂಪಾಯಿ. ನೆಟ್ಟು ಕಟ್ಟುವುದು, ಪಿಚ್ಚು ಸರಿ ಮಾಡುವುದು, ಟೆನ್ನಿಸ್ ಕೋರ್ಟಿಗೆ ಗೆರೆ ಹಾಕುವುದು ಎಲ್ಲವೂ ಅವರ ಕೆಲಸ.

ಈ ಕ್ಲಬ್ಬಿನಲ್ಲಿ ಗ್ರೇಗ್ ಎಂಬ ಹೆಸರುವಾಸಿ ಬ್ಯಾಟ್ಸ್‌ಮನ್ ಇದ್ದರು. ಅವರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡುವವರು ಬೇಕಿತ್ತು. ಎಲ್ಲರಿಗಿಂತ ಮುಂಚೆ ಬಂದು ಬಾಳೂ ಅವರಿಂದ ಗಂಟೆಗಟ್ಟಲೆ ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದರಂತೆ. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಅಂತಲೂ ಒಂದು ಕಥೆ ಇದೆ. ಕಥೆ ನಿಜವೋ ಏನೋ, ಅಭ್ಯಾಸ ಮಾತ್ರ ನಿಜ. ಆದರೆ ಅಷ್ಟು ವರ್ಷ ಬೌಲಿಂಗ್ ಮಾಡಿಸಿಕೊಂಡ ಆ ಕ್ಲಬ್ಬಿನವರು ಬಾಳೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರದ್ದು, ಬೌಲಿಂಗ್ ಆಳಿನದ್ದು ಅಂತ ಅವರ ಲೆಕ್ಕ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೌಲರ್ ಒಂದು ದಿನ ಚೆನ್ನಾಗಿ ಹಾಕಿ ಇನ್ನೊಂದು ದಿನ ಕೆಡಿಸುವುದು ಯಾಕೆ? ಹೆಚ್ಚಿನ ಸಲ ಕಾರಣ ಅಭ್ಯಾಸದ ಕೊರತೆ. ಬಾಲು ಕೈ ಬಿಡುವ ಜಾಗ ಒಂದು ಬೆರಳಿನಷ್ಟು ಆಚೀಚೆ ಆದರೂ ಅದು ಬೀಳುವ ಜಾಗ ಎಷ್ಟೋ ಅಡಿ ಬದಲಾಗುತ್ತದೆ. ದಿನಾ ನೂರಾರು ಬಾಲು ಹಾಕುವ ಕೈಗೆ ಮಾತ್ರ ಆ ಜಾಗ ತಾನಾಗಿಯೇ ಗೊತ್ತಾಗುತ್ತದೆ. ಬಾಳೂ ಅವರದು ಎಡಗೈ ನಿಧಾನದ ಸ್ಪಿನ್. ಬಲಗೈ ಬ್ಯಾಟ್ಸ್‌ಮನ್‌ಗೆ ಇಂಥ ಬಾಲು ಕಾಲಿನ ಕಡೆಯಿಂದ ಆಫ್ ಕಡೆಗೆ ತಿರುಗುತ್ತದೆ. ಬಾಳೂ ಅವರು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು. ಜೊತೆಗೆ ಹೇಳಿದ ಜಾಗಕ್ಕೇ ಬಾಲು ಹಾಕುವ ಹಿಡಿತ ಇತ್ತು. ಈ ಹಿಡಿತವನ್ನು ಯಾವ ಕೋಚೂ ಕಲಿಸಿದ್ದಲ್ಲ. ನಾಲ್ಕು ರೂಪಾಯಿ ಸಂಬಳದ ನೌಕರಿಯಲ್ಲಿ, ಬಿಸಿಲಿನಲ್ಲಿ ಬಂದದ್ದು.

ಮೊದಲ ಚರ್ಚೆ: ಸೇರಿಸಬೇಕೋ ಬೇಡವೋ

ಪುಣೆಯಲ್ಲಿ ಹಿಂದೂಗಳದೂ ಒಂದು ಕ್ಲಬ್ ಇತ್ತು. ಬಿಳಿಯರ ಪೂನಾ ಕ್ಲಬ್ಬನ್ನು ಸೋಲಿಸಬೇಕೆಂಬ ಆಸೆ ಅವರಿಗೆ. ಅದಕ್ಕೆ ಒಳ್ಳೆ ಬೌಲರ್ ಬೇಕು. ಆ ಬೌಲರ್ ಊರಲ್ಲೇ ಇದ್ದಾನೆ, ಎಲ್ಲರಿಗೂ ಗೊತ್ತು. ಆದರೆ ಅವನನ್ನು ಜೊತೆಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಕ್ಲಬ್ಬಿನಲ್ಲಿ ಎರಡು ಪಕ್ಷ ಆಯಿತು. ಕೊನೆಗೆ ಸೇರಿಸಿಕೊಳ್ಳಬೇಕು ಅನ್ನುವವರು ಗೆದ್ದರು.

ಹೇಗೆ ಸೇರಿಸಿಕೊಂಡರು ಅಂತ ಕೇಳಿದರೆ ಬೇಜಾರಾಗುತ್ತದೆ. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಬಾಲನ್ನೇ ಮುಟ್ಟುತ್ತಿದ್ದರು. ಆದರೆ ಟೀ ಹೊತ್ತಿಗೆ ಬಾಳೂ ಅವರಿಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಟೀ. ಊಟಕ್ಕೆ ಬೇರೆ ಜಾಗ, ಬೇರೆ ತಟ್ಟೆ. ಮುಖ ತೊಳೆಯಲು ಬೇರೆಯಾಗಿ ನೀರು. ಅವರು ತೆಗೆದ ವಿಕೆಟ್ ಎಲ್ಲರಿಗೂ ಬೇಕು, ಅವರು ಮುಟ್ಟಿದ ಲೋಟ ಯಾರಿಗೂ ಬೇಡ!

ಆದರೂ ಬಾಳೂ ಬೌಲಿಂಗ್ ಮಾಡಿದರು. ಟೀಮು ಪುಣೆಯ ಬಿಳಿಯರನ್ನು ಸೋಲಿಸಿತು. ಆಮೇಲೆ ಸಾತಾರಕ್ಕೆ ಆಡಲು ಹೋದರು. ಅಲ್ಲಿನ ಬಿಳಿಯರು ಬಾಳೂ ಅವರ ಸ್ಪಿನ್ನಿಗೆ ಹೆದರಿ, ಬಾಲು ತಿರುಗದ ಹಾಗೆ ವಾರಗಟ್ಟಲೆ ಪಿಚ್ಚಿಗೆ ರೋಲರ್ ಹೊಡೆಸಿದ್ದರಂತೆ. ಬಾಳೂ ಅಲ್ಲಿ ಏಳು ವಿಕೆಟ್ ತೆಗೆದರು. ರೋಲರ್ ಎಳೆದು ಎಳೆದೇ ಬೆಳೆದ ಹುಡುಗನಿಗೆ ರೋಲರ್ ಹೊಡೆದ ಪಿಚ್ಚಿನ ಗುಟ್ಟು ಗೊತ್ತಿರುವುದಿಲ್ಲವೇ? ಊರಿಗೆ ಬಂದಾಗ ಮಹಾದೇವ ಗೋವಿಂದ ರಾನಡೆ, ಬಾಲಗಂಗಾಧರ ತಿಲಕರಂಥ ದೊಡ್ಡವರು ಸಭೆಗಳಲ್ಲಿ ಅವರನ್ನು ಗೌರವಿಸಿದರು.

ಮುಂಬಯಿಗೆ

1896ರಿಂದ ಮುಂಬಯಿ, ಪುಣೆ ಕಡೆ ಪ್ಲೇಗ್ ಹಬ್ಬಿತು. 1898ರಲ್ಲಿ ಅದು ಬೆಂಗಳೂರಿಗೂ ಬಂತು. ಆ ವರ್ಷಗಳಲ್ಲಿ ಬಾಳೂ ಮುಂಬಯಿಗೆ ಬಂದರು. ಮುಂದೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ರೈಲ್ವೆ ಟೀಮಿಗೂ ಆಡಿದರು, ಹಿಂದೂ ಜಿಮ್ಖಾನಾ ಎಂಬ ದೊಡ್ಡ ಕ್ಲಬ್ಬಿಗೂ ಆಡಿದರು. ಅಲ್ಲೂ ಅವರನ್ನು ಸೇರಿಸುವ ಮೊದಲು ಚರ್ಚೆ ನಡೆಯಿತು.

ಆಗ ಟೀಮುಗಳು ರಾಜ್ಯದ ಲೆಕ್ಕದಲ್ಲಿ ಇರುತ್ತಿರಲಿಲ್ಲ, ಧರ್ಮದ ಲೆಕ್ಕದಲ್ಲಿ ಇರುತ್ತಿದ್ದವು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, 1912ರಿಂದ ಮುಸ್ಲಿಮರು. 1906ರಲ್ಲಿ ಹಿಂದೂ ಟೀಮು ಮತ್ತು ಯುರೋಪಿಯನ್ ಟೀಮಿನ ನಡುವೆ ಮುಂಬಯಿಯಲ್ಲಿ ದೊಡ್ಡ ಮ್ಯಾಚು ನಡೆಯಿತು. ಹಿಂದೂ ಟೀಮು 109 ರನ್ನುಗಳಿಂದ ಗೆದ್ದಿತು. ಆ ಟೀಮಿನಲ್ಲಿ ಬಾಳೂ ಇದ್ದರು, ತಮ್ಮ ಶಿವರಾಮ್ ಕೂಡ ಇದ್ದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಷ್ಟು ಹೊತ್ತಿಗೆ ಮುಂಬಯಿ ಕ್ಲಬ್ಬಿನಲ್ಲಿ ಊಟ, ಟೀ ವಿಷಯದ ಕಟ್ಟಳೆ ಸಡಿಲವಾಗಿತ್ತು. ಬಾಳೂ ಈಗ ಮಿಕ್ಕವರ ಜೊತೆ ಕೂತು ಊಟ ಮಾಡಬಹುದಾಗಿತ್ತು. ಭಾಷಣದಿಂದ ಆಗದೇ ಇದ್ದದ್ದು ಸ್ವಲ್ಪವಾದರೂ ಬೌಲಿಂಗಿನಿಂದ ಆಯಿತು.

1911: ಇಂಗ್ಲೆಂಡಿನಲ್ಲಿ 114 ವಿಕೆಟ್

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ಟೀಮು ಇಂಗ್ಲೆಂಡಿಗೆ ಹೋಯಿತು. ಹಡಗಿನ ಪ್ರಯಾಣ. ಬಾಳೂ ಅವರಿಗೆ ಆಗ 35 ವರ್ಷ. ಟೀಮು ಒಟ್ಟು 23 ಮ್ಯಾಚು ಆಡಿ 15ರಲ್ಲಿ ಸೋತಿತು, 6ರಲ್ಲಿ ಗೆದ್ದಿತು, 2 ಡ್ರಾ ಆದವು.

ಇಷ್ಟು ಸೋತ ಟೀಮಿನಲ್ಲಿ ಬಾಳೂ ಒಬ್ಬರೇ 114 ವಿಕೆಟ್ ತೆಗೆದರು! ಪ್ರತಿ ವಿಕೆಟ್ಟಿಗೆ ಕೊಟ್ಟದ್ದು ಸರಾಸರಿ 19 ರನ್ನಿಗೂ ಕಡಿಮೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8 ವಿಕೆಟ್. ಚಳಿಯ ದೇಶ, ಗೊತ್ತಿಲ್ಲದ ಪಿಚ್ಚು, ಕ್ಯಾಚು ಬಿಡುವ ಟೀಮು. ಆದರೂ ಬೇಸಿಗೆ ಪೂರ್ತಿ ಅವರು ಒಂದೇ ಸಮನೆ ಬೌಲಿಂಗ್ ಮಾಡಿದರು. ಟೀಮು ಗೆಲ್ತಾ ಇಲ್ಲ ಅಂದಮಾತ್ರಕ್ಕೆ ಬೌಲರ್ ಕೆಟ್ಟವನು ಅಂತಲ್ಲ. ಸೋತ ದಿನದ ಲೆಕ್ಕದಲ್ಲಿ ಒಬ್ಬೊಬ್ಬರ ಕೆಲಸ ಬೇರೆ ಬೇರೆ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಾರದು.

ವಾಪಸು ಬಂದಾಗ ಮುಂಬಯಿಯಲ್ಲಿ ಅವರ ಸಮುದಾಯದವರು ಸೇರಿ ಸನ್ಮಾನ ಮಾಡಿದರು. ಆಗಿನ್ನೂ ಯುವಕರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರಿಗೂ ಬಾಳೂ ಅಂದರೆ ಅಭಿಮಾನ.

ಅದೇ ವರ್ಷ ಹುಟ್ಟಿದ ಇನ್ನೊಬ್ಬ ಎಡಗೈಯವನು

ಇಲ್ಲಿ ಸ್ವಲ್ಪ ಅಮೆರಿಕಾಕ್ಕೆ ಹೋಗಿ ಬರೋಣ. ಅಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಇದೆ, ನಮ್ಮ ಕ್ರಿಕೆಟ್ಟಿಗೆ ದೂರದ ನೆಂಟ ಇದ್ದ ಹಾಗೆ. ಅದರಲ್ಲಿ ಬಾಲು ಎಸೆಯುವವನಿಗೆ ಪಿಚರ್ ಅಂತಾರೆ. ಆಟ ಶುರು ಮಾಡುವ ಪಿಚರ್ ಮೇಲೆ ಟೀಮಿನ ಅರ್ಧ ಭಾರ. ಹಾಗಾಗಿ ಏರುಪೇರಿನ ಪಿಚರನ್ನು ಇಡಬೇಕೋ ಬೇಡವೋ ಅನ್ನುವ ಚರ್ಚೆ ಅಲ್ಲಿ ನಮಗಿಂತ ಜೋರು.

ಬಾಳೂ ಹುಟ್ಟಿದ 1876ರಲ್ಲೇ, ಅಕ್ಟೋಬರ್ 13ರಂದು, ಪೆನ್ಸಿಲ್ವೇನಿಯಾದಲ್ಲಿ ರೂಬ್ ವ್ಯಾಡೆಲ್ ಎಂಬಾತ ಹುಟ್ಟಿದ. ಅವನೂ ಎಡಗೈಯವನೇ. 1902ರಲ್ಲಿ ಫಿಲಡೆಲ್ಫಿಯಾದ ಟೀಮು ಸೇರಿದ. ಬ್ಯಾಟುಗಾರರನ್ನು ಮೂರು ಸಲ ತಪ್ಪಿಸಿ ಔಟ್ ಮಾಡುವುದರಲ್ಲಿ ಎತ್ತಿದ ಕೈ. 1904ರ ಒಂದೇ ವರ್ಷದಲ್ಲಿ 349 ಜನರನ್ನು ಹಾಗೆ ಔಟ್ ಮಾಡಿದ. ಅದನ್ನು ಇನ್ನೊಬ್ಬರು ಮೀರಿಸಲು 1965ರ ತನಕ ಕಾಯಬೇಕಾಯಿತು. ಆದರೆ ಮನುಷ್ಯನ ಮೇಲೆ ನಂಬಿಕೆ ಇಡುವ ಹಾಗಿರಲಿಲ್ಲ. ಆಟದ ಹೊತ್ತಿಗೆ ಎಲ್ಲೋ ಹೊರಟುಹೋಗುತ್ತಿದ್ದ, ಕುಡಿಯುತ್ತಿದ್ದ. 1905ರಲ್ಲಿ ಜೊತೆಗಾರನ ಹುಲ್ಲು ಟೋಪಿ ಹರಿಯುವ ಆಟಕ್ಕೆ ಹೋಗಿ ಭುಜ ನೋಯಿಸಿಕೊಂಡನಂತೆ. ಆ ವರ್ಷದ ಎಲ್ಲಕ್ಕಿಂತ ದೊಡ್ಡ ಪಂದ್ಯಗಳಲ್ಲಿ ಆಡಲೇ ಇಲ್ಲ.

ಟೀಮಿನ ಮ್ಯಾನೇಜರ್ ಕಾನಿ ಮ್ಯಾಕ್ ಅವನನ್ನು ಆರು ವರ್ಷ ಸಹಿಸಿಕೊಂಡರು. ಕೊನೆಗೆ ಜೊತೆ ಆಟಗಾರರ ದೂರು ಹೆಚ್ಚಾಗಿ, 1908ರಲ್ಲಿ ಸೇಂಟ್ ಲೂಯಿಸ್ ಟೀಮಿಗೆ ಮಾರಿಬಿಟ್ಟರು. ಅದೇ ವರ್ಷ ಜುಲೈನಲ್ಲಿ ವ್ಯಾಡೆಲ್ ತನ್ನ ಹಳೆಯ ಟೀಮಿನ ಎದುರಿಗೇ ಆಡಿ, ಒಂದೇ ಪಂದ್ಯದಲ್ಲಿ 16 ಸಲ ಅವರ ಬ್ಯಾಟುಗಾರರನ್ನು ತಪ್ಪಿಸಿ ಔಟ್ ಮಾಡಿದ! ಹಾಗಂತ ಮಾರಿದ್ದು ಪೂರ್ತಿ ತಪ್ಪು ಅನ್ನೋ ಹಾಗಿಲ್ಲ, ಅವನ ಆಟ ಬೇಗ ಮುಗಿಯಿತು. 1914ರ ಏಪ್ರಿಲ್ 1ರಂದು, 37ನೇ ವಯಸ್ಸಿಗೆ, ಕ್ಷಯ ರೋಗದಿಂದ ತೀರಿಕೊಂಡ.

ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ವ್ಯಾಡೆಲ್ ತಾನೇ ಏರುಪೇರು, ಆದರೂ ಆರು ವರ್ಷ ಅವನಿಗೆ ಜಾಗ ಕೊಟ್ಟರು. ಬಾಳೂ ಯಾವತ್ತೂ ಆಟ ಬಿಟ್ಟು ಓಡಿಹೋದವರಲ್ಲ, ಯಾರ ಜೊತೆಗೂ ಜಗಳ ಆಡಿದವರಲ್ಲ. ಆದರೂ ಪ್ರತಿ ಮೆಟ್ಟಿಲಲ್ಲೂ ಅವರ ಬಗ್ಗೆ ಮೀಟಿಂಗು. ಏರುಪೇರು ಇದ್ದದ್ದು ಬಾಳೂ ಅವರ ಬೌಲಿಂಗಿನಲ್ಲಿ ಅಲ್ಲ, ಅವರನ್ನು ಆರಿಸುವವರ ಮನಸ್ಸಿನಲ್ಲಿ.

ಕ್ಯಾಪ್ಟನ್ ಪಟ್ಟ ಮತ್ತು 1920ರ ಜಗಳ

ಆಳಾಗಬಲ್ಲವನು ಅರಸನೂ ಆಗಬಲ್ಲ ಅಂತ ನಮ್ಮಲ್ಲಿ ಗಾದೆ ಇದೆ. ಬಾಳೂ ಅವರ ವಿಷಯದಲ್ಲಿ ಅದು ನಡೆಯಲಿಲ್ಲ. ಟೀಮಿನಲ್ಲಿ ಅವರಷ್ಟು ಹಿರಿಯರು, ಅವರಷ್ಟು ಆಟ ಬಲ್ಲವರು ಇರಲಿಲ್ಲ. ಆದರೂ ವರ್ಷ ವರ್ಷವೂ ಕ್ಯಾಪ್ಟನ್ ಆಗುತ್ತಿದ್ದವರು ಮೇಲುಜಾತಿಯವರೇ. ಹಾಗೆ ಕ್ಯಾಪ್ಟನ್ ಆದವರಲ್ಲಿ ಎಂ. ಡಿ. ಪೈ ಒಬ್ಬರು. ಈ ಗೌರವ ನಿಜವಾಗಿ ಬಾಳೂ ಅವರಿಗೆ ಸಲ್ಲಬೇಕಿತ್ತು ಅಂತ ಪೈ ಅವರೇ ಸಭೆಯಲ್ಲಿ ಒಪ್ಪಿಕೊಂಡರು. ಅದು ಅವರ ದೊಡ್ಡತನ. ಆದರೆ ಆರಿಸುವ ಸಮಿತಿ ಬದಲಾಗಲಿಲ್ಲ.

1920ರಲ್ಲಿ ಇದೆಲ್ಲ ಒಡೆದು ಹೊರಗೆ ಬಂತು. ಆ ವರ್ಷದ ಪಂದ್ಯಾವಳಿಗೆ ಬಾಳೂ ಅವರನ್ನು ಟೀಮಿನಿಂದ ಕೈಬಿಟ್ಟರು. ಅದೇ ಸಮಯದಲ್ಲಿ ಕ್ಯಾಪ್ಟನ್ ಪೈ ಅವರಿಗೆ ಹುಷಾರು ತಪ್ಪಿತು. ಆ ಜಾಗಕ್ಕೆ ವಿಠ್ಠಲ್ ಅವರನ್ನು ಬಿಟ್ಟು ಡಿ. ಬಿ. ದೇವಧರ್ ಅವರನ್ನು ಹಾಕಿದರು. ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಸುಮ್ಮನಿರಲಿಲ್ಲ. ಜಾತಿಯ ಕಾರಣಕ್ಕೆ ನಮ್ಮನ್ನು ಹಿಂದೆ ತಳ್ಳುತ್ತಿದ್ದೀರಿ, ನಾವು ಆಡುವುದಿಲ್ಲ ಅಂತ ಟೀಮಿನಿಂದ ಹೊರಬಂದರು. ಊರೆಲ್ಲ ಅದೇ ಮಾತಾಯಿತು. ಕೊನೆಗೆ ಸಮಿತಿ ಬಗ್ಗಿತು. ತಮ್ಮಂದಿರು ವಾಪಸು ಬಂದರು, ಬಾಳೂ ಅವರನ್ನು ಕರೆದು ಉಪನಾಯಕ ಮಾಡಿದರು. ಮುಂದಿನ ಮ್ಯಾಚಿನಲ್ಲಿ ಪೈ ಅವರು ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ನಿಂತರು. ಆ ಹೊತ್ತಿನಲ್ಲಿ ಬಾಳೂ ಟೀಮು ನಡೆಸಿದರು. ಮೂವತ್ತು ವರ್ಷದ ಆಟಕ್ಕೆ ಅಷ್ಟು ಹೊತ್ತಿನ ನಾಯಕತ್ವ.

ಈಗ ನಮ್ಮ ಪ್ರಶ್ನೆಗೆ ಬರೋಣ. 1920ರಲ್ಲಿ ಬಾಳೂ ಅವರನ್ನು ಕೈಬಿಟ್ಟದ್ದು ತಪ್ಪೇ? ಆಟದ ದೃಷ್ಟಿಯಿಂದ ಮಾತ್ರ ನೋಡಿದರೆ, ಅವರಿಗೆ ಆಗ 44 ವರ್ಷ. ಆ ವಯಸ್ಸಿಗೆ ಯಾವ ಬೌಲರನ ಕೈಯಾದರೂ ಸೋಲುತ್ತದೆ, ಮೈದಾನದಲ್ಲಿ ಓಡುವುದು ಕಷ್ಟ. ಯಾರೋ ಒಬ್ಬ ಚಿಕ್ಕ ವಯಸ್ಸಿನ ಬೌಲರ್‌ಗೆ ಜಾಗ ಕೊಡೋಣ ಅಂತ ಪ್ರಾಮಾಣಿಕವಾಗಿ ಯೋಚಿಸಿದವರೂ ಸಮಿತಿಯಲ್ಲಿ ಇದ್ದಿರಬಹುದು. ಆದರೆ ಅವರ ಮಾತನ್ನು ನಂಬುವುದು ಹೇಗೆ? ಹತ್ತಿಪ್ಪತ್ತು ವರ್ಷ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಅಳತೆ ಹಿಡಿದವರು, ಒಂದು ದಿನ ಸರಿಯಾದ ಅಳತೆ ಹಿಡಿದರೂ ಜನ ನಂಬುವುದಿಲ್ಲ. ತಕ್ಕಡಿ ಒಮ್ಮೆ ಕೆಟ್ಟಿದೆ ಅಂತ ಗೊತ್ತಾದ ಅಂಗಡಿಯಲ್ಲಿ, ಸರಿಯಾಗಿ ತೂಗಿ ಕೊಟ್ಟ ಬೆಲ್ಲದ ಮೇಲೂ ಅನುಮಾನ ಬರುತ್ತದಲ್ಲ, ಹಾಗೆ.

ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ್ ಅವರು ಹಿಂದೂ ಟೀಮಿನ ಕ್ಯಾಪ್ಟನ್ ಆದರು. ಅವರ ನಾಯಕತ್ವದಲ್ಲಿ ಟೀಮು ಗೆದ್ದಿತು. ವಿಠ್ಠಲ್ ಅವರನ್ನು ಮೇಲುಜಾತಿಯವರೂ ಸೇರಿ ಹೆಗಲ ಮೇಲೆ ಹೊತ್ತು ಕುಣಿದರು. ಬಾಳೂ ಅವರು ಮಣ್ಣಿನ ಲೋಟದಲ್ಲಿ ಟೀ ಕುಡಿಯುತ್ತಾ ತೆರೆದ ದಾರಿಯಲ್ಲಿ ವಿಠ್ಠಲ್ ನಡೆದರು.

ನಮ್ಮ ಚಂದ್ರಶೇಖರ್ ಅವರ ಉದಾಹರಣೆ

ನಿಜವಾಗಿಯೂ ಏರುಪೇರಿನ ಬೌಲರ್ ಆಗಿದ್ದರೆ ಏನು ಮಾಡಬೇಕು ಅಂತ ನೀವು ಕೇಳಬಹುದು. ಅದಕ್ಕೆ ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರನ್ನು ನೆನೆಯಬೇಕು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಬಲಗೈ ಸೊರಗಿತ್ತು. ಅದೇ ಕೈಯಲ್ಲಿ ಬೌಲಿಂಗ್ ಮಾಡಿದರು. ಅವರ ಬಾಲು ಯಾವ ಕಡೆ ತಿರುಗುತ್ತದೆ ಅಂತ ಒಮ್ಮೊಮ್ಮೆ ಅವರಿಗೇ ಗೊತ್ತಿರ್ತಿರಲಿಲ್ಲ ಅಂತಾರೆ. ಒಂದು ದಿನ ರನ್ನು ಕೊಡುತ್ತಿದ್ದರು, ಇನ್ನೊಂದು ದಿನ ಎದುರಾಳಿಯನ್ನು ಗುಡಿಸಿ ಹಾಕುತ್ತಿದ್ದರು. 1967–68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಪೆಟ್ಟಾಗಿ, ಆಮೇಲೆ ಕೆಲವು ವರ್ಷ ಭಾರತದ ಟೀಮಿನಿಂದ ಹೊರಗಿದ್ದರು. 1971ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಮತ್ತೆ ಕರೆದರು. ಆ ಆಗಸ್ಟ್ ತಿಂಗಳಲ್ಲಿ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ ತೆಗೆದರು. ಇಂಗ್ಲೆಂಡ್ 101ಕ್ಕೆ ಔಟ್! ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಅವರನ್ನು ಏರುಪೇರು ಅಂತ ಮನೆಯಲ್ಲೇ ಬಿಟ್ಟಿದ್ದರೆ ಆ ಗೆಲುವು ಎಲ್ಲಿ ಬರುತ್ತಿತ್ತು?

ಅಂದರೆ ಏರುಪೇರಿನವರನ್ನೆಲ್ಲ ಕಣ್ಣು ಮುಚ್ಚಿ ಇಟ್ಟುಕೊಳ್ಳಬೇಕು ಅಂತಲ್ಲ. ಅವನ ಒಳ್ಳೆಯ ದಿನ ಎಷ್ಟು ಒಳ್ಳೆಯದು ಅಂತ ನೋಡಬೇಕು. ಕೆಟ್ಟ ದಿನಕ್ಕೆ ಕಾರಣ ನೋವೋ, ಅಭ್ಯಾಸ ಇಲ್ಲದ್ದೋ, ಸೋಮಾರಿತನವೋ ಅಂತ ಕೇಳಬೇಕು. ನೋವಾದರೆ ವಾಸಿಯಾಗುವ ತನಕ ಕಾಯಬೇಕು, ಅಭ್ಯಾಸ ಸಾಲದಿದ್ದರೆ ಮಾಡಿಸಬೇಕು. ಅವನ ಜಾಗಕ್ಕೆ ಬರುವವನು ನಿಜವಾಗಿಯೂ ಅವನಿಗಿಂತ ಮೇಲೋ ಅಂತ ತಾಳೆ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಇದೇ ತಪ್ಪನ್ನು ಕ್ಯಾಪ್ಟನ್ನಿನ ಸ್ನೇಹಿತ ಮಾಡಿದ್ದರೆ, ದುಡ್ಡು ಹಾಕಿ ಬ್ಯಾಟು ತಂದವನು ಮಾಡಿದ್ದರೆ, ಅವನನ್ನೂ ತೆಗೆಯುತ್ತಿದ್ದೆವಾ ಅಂತ ಕೇಳಿಕೊಳ್ಳಬೇಕು. ಬಾಳೂ ಅವರ ಕಾಲದ ಸಮಿತಿಯವರು ಈ ಕೊನೆಯ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ.

ಕೊನೆಯ ವರ್ಷಗಳು

ಆಟ ಬಿಟ್ಟ ಮೇಲೆ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. 1932ರಲ್ಲಿ ಗಾಂಧೀಜಿ ಮತ್ತು ಅಂಬೇಡ್ಕರ್ ಅವರ ನಡುವೆ ಪುಣೆ ಒಪ್ಪಂದ ಆಯಿತಲ್ಲ, ಅದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. ದಲಿತರಿಗೆ ಪ್ರತ್ಯೇಕ ಚುನಾವಣೆ ಬೇಕೆಂಬ ವಿಷಯದಲ್ಲಿ ಅವರಿಗೂ ಅಂಬೇಡ್ಕರ್ ಅವರಿಗೂ ಅಭಿಪ್ರಾಯ ಭೇದ ಇತ್ತು. 1937ರ ಮುಂಬಯಿ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಳೂ ಅವರನ್ನು ಅಂಬೇಡ್ಕರ್ ಅವರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತ, ಬಾಳೂ ಅವರಿಗೆ 11,225 ಮತ ಬಂದು ಬಾಳೂ ಸೋತರು. ಒಂದು ಕಾಲಕ್ಕೆ ಅಭಿಮಾನ ಇಟ್ಟುಕೊಂಡಿದ್ದವರೇ ಎದುರಾಳಿ ಆದದ್ದು ಇಬ್ಬರಿಗೂ ಕಷ್ಟದ ವಿಷಯವೇ ಆಗಿರಬೇಕು.

ಭಾರತ ಮೊದಲ ಟೆಸ್ಟ್ ಮ್ಯಾಚ್ ಆಡಿದ್ದು 1932ರಲ್ಲಿ. ಆಗ ಬಾಳೂ ಅವರಿಗೆ 56 ವರ್ಷ. ಹಾಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಇಲ್ಲ. ದಾಖಲೆಯಲ್ಲಿ ಉಳಿದಿರುವುದು ಪ್ರಥಮ ದರ್ಜೆಯ 33 ಮ್ಯಾಚು, 179 ವಿಕೆಟ್, ಸರಾಸರಿ 15.21. ಪ್ರತಿ 15 ರನ್ನಿಗೆ ಒಂದು ವಿಕೆಟ್! ಇಂಥ ಲೆಕ್ಕ ಇರುವ ಬೌಲರನ್ನು ಇಡಬೇಕೋ ಬೇಡವೋ ಅಂತ ಯಾಕೆ ಚರ್ಚೆ ಆಗಬೇಕಿತ್ತು, ನೀವೇ ಯೋಚಿಸಿ.

ನಮ್ಮ ಸಂವಿಧಾನ 1950ರಲ್ಲಿ 17ನೇ ವಿಧಿಯಿಂದ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಅದನ್ನು ಆಚರಿಸುವವರಿಗೆ ಶಿಕ್ಷೆ ಕೊಡುವ ಕಾನೂನು 1955ರ ಜೂನ್ 1ರಿಂದ ಜಾರಿಗೆ ಬಂತು. ಬಾಳೂ ಅವರು ಅದೇ ವರ್ಷ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಬೇರೆ ಲೋಟದಲ್ಲಿ ಟೀ ಕೊಡುವುದು ಅಪರಾಧ ಅಂತ ಕಾನೂನು ಹೇಳಿದ್ದನ್ನು ಅವರು ನೋಡಿದ್ದು ಒಂದೇ ತಿಂಗಳು.

ಸಹಪಾಠಿಗಳೇ, ನಮ್ಮ ಶಾಲೆಯ ಟೀಮುಗಳಿಗೆ ಒಂದು ಸಲಹೆ ಇದೆ. ಇನ್ನು ಮೇಲೆ ಆಡುವ ಪ್ರತಿ ಮ್ಯಾಚಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಯಾರು ಎಷ್ಟು ಓವರ್ ಹಾಕಿದರು, ಎಷ್ಟು ರನ್ನು ಕೊಟ್ಟರು, ಎಷ್ಟು ವೈಡು, ಎಷ್ಟು ವಿಕೆಟ್, ಎಷ್ಟು ಕ್ಯಾಚು ಬಿಟ್ಟುಹೋದವು. ಹತ್ತು ಮ್ಯಾಚು ಆದ ಮೇಲೆ ಎಲ್ಲರ ಮುಂದೆ ಆ ಪುಸ್ತಕ ತೆರೆದು ನೋಡೋಣ. ಯಾರನ್ನಾದರೂ ತೆಗೆಯಬೇಕಾದರೆ ಅವನ ಎದುರಿಗೇ ಲೆಕ್ಕ ತೋರಿಸಿ ಹೇಳೋಣ. ಇಟ್ಟುಕೊಂಡರೂ ಲೆಕ್ಕ ತೋರಿಸಿಯೇ ಇಟ್ಟುಕೊಳ್ಳೋಣ. ಪುಸ್ತಕಕ್ಕೆ ಯಾರ ಮನೆ ಯಾವ ಬೀದಿಯಲ್ಲಿದೆ ಅಂತ ಗೊತ್ತಿರುವುದಿಲ್ಲ.